ಸ್ಟ್ಯಾಟಿಕ್ ವೆಬ್ ಪುಟಗಳನ್ನು ಬ್ರೌಸರ್‌ನಲ್ಲೇ ತಿದ್ದಲು ಸರಳ ಎಡಿಟರ್ ಆರಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಶಾಲೆಯದೋ ಸಹಕಾರ ಸಂಘದ್ದೋ ಸಣ್ಣ ಅಂಗಡಿಯದೋ ಜಾಲತಾಣದಲ್ಲಿ ಸಭೆಯ ದಿನಾಂಕ ಬದಲಿಸಬೇಕು, ಒಂದು ಚಿತ್ರ ಸೇರಿಸಬೇಕು; ಕೆಲಸ ಇಷ್ಟೇ. ಕಂಪ್ಯೂಟರ್‌ಗೆ ಹೊಸ ತಂತ್ರಾಂಶವೇನನ್ನೂ ಹಾಕಿಕೊಳ್ಳದೆ, ಬ್ರೌಸರ್ ತೆರೆದು ಅಲ್ಲಿಯೇ ತಿದ್ದಿ ಪ್ರಕಟಿಸುವ ಎಡಿಟರ್ ಹುಡುಕಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಒಂದೇ ಕಾರಣಕ್ಕೆ. ಅವರು ಮೊದಲು ಎಡಿಟರ್ ಆರಿಸುತ್ತಾರೆ, ಆಮೇಲೆ ತಮ್ಮ ಫೈಲ್‌ಗಳನ್ನು ಅದರೊಳಗೆ ತೂರಿಸಲು ನೋಡುತ್ತಾರೆ. ಫೈಲ್ ಎಲ್ಲಿದೆ, ಅದನ್ನು ಯಾರು ತಿದ್ದುತ್ತಾರೆ, ತಿದ್ದಿದ ಮೇಲೆ ಅದು ಕೆಡದೆ ವಾಪಸು ಬರುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಎಡಿಟರ್‌ನ ಹೆಸರಿಗೆ ಅರ್ಥ ಬರುತ್ತದೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ. ನಡುವಿನ ಹಂತ ಬಿಟ್ಟು ಮುಂದಕ್ಕೆ ಹೋಗಬೇಡಿ.

## ಮೊದಲೇ ಸಿದ್ಧವಿರಬೇಕಾದವು

ಕೀಬೋರ್ಡ್ ಇರುವ ಕಂಪ್ಯೂಟರ್ ಒಂದು ಬೇಕು. ದಿನನಿತ್ಯದ ಚಿಕ್ಕ ತಿದ್ದುಪಡಿಗಳನ್ನು ಮೊಬೈಲ್‌ನಲ್ಲಿ ಮಾಡಬಹುದಾದರೂ ಮೊದಲ ಜೋಡಣೆಯನ್ನು ಮೊಬೈಲ್‌ನಲ್ಲಿ ಮಾಡಲು ಹೋಗಬೇಡಿ. ಬ್ರೌಸರ್ ಆಗಿ ಕ್ರೋಮ್ ಅಥವಾ ಎಡ್ಜ್ ಇದ್ದರೆ ಒಳ್ಳೆಯದು, ಏಕೆಂದರೆ ಕಂಪ್ಯೂಟರ್‌ನಲ್ಲಿರುವ ಇಡೀ ಫೋಲ್ಡರನ್ನು ನೇರವಾಗಿ ತೆರೆದು ಅಲ್ಲಿಗೇ ಉಳಿಸುವ ಸೌಲಭ್ಯವನ್ನು ಫೈರ್‌ಫಾಕ್ಸ್ ಮತ್ತು ಸಫಾರಿ ಕೊಡುವುದಿಲ್ಲ. ಯೂನಿಕೋಡ್ ಕನ್ನಡ ಕೀಲಿಮಣೆ, ತಾಣದ ಹೋಸ್ಟಿಂಗ್ (ಫೈಲ್‌ಗಳನ್ನು ಸರ್ವರ್‌ನಲ್ಲಿಟ್ಟು ಓದುಗರಿಗೆ ತಲುಪಿಸುವ ಸೇವೆ) ಖಾತೆಯ ಪ್ರವೇಶ ವಿವರಗಳು ಹಾಗೂ ಖಾತೆ ತೆರೆದಾಗ ಕೊಟ್ಟಿದ್ದ ಇಮೇಲ್ ನಿಮ್ಮ ಕೈಯಲ್ಲಿರಲಿ. ಆ ಇಮೇಲ್ ಹಿಂದಿನ ಕಾರ್ಯದರ್ಶಿಯದೋ ತಾಣ ಮಾಡಿಕೊಟ್ಟವರದೋ ಆಗಿದ್ದರೆ ಮೊದಲು ಆ ತೊಡಕನ್ನು ಬಿಡಿಸಿಕೊಳ್ಳಿ. ಪ್ರವೇಶವೇ ನಿಮ್ಮದಲ್ಲದ ತಾಣಕ್ಕೆ ಎಡಿಟರ್ ಹುಡುಕಿ ಪ್ರಯೋಜನವಿಲ್ಲ.

## ಹಂತ 1: ತಾಣ ನಿಜವಾಗಿ ಸ್ಟ್ಯಾಟಿಕ್ ಹೌದೇ ಎಂದು ಖಚಿತಪಡಿಸಿಕೊಳ್ಳಿ

ತಾಣದ ಫೋಲ್ಡರ್ ತೆರೆದು ನೋಡಿ. ಎಚ್‌ಟಿಎಂಎಲ್ (ಪುಟದ ಪಠ್ಯ ಮತ್ತು ರಚನೆ), ಸಿಎಸ್‌ಎಸ್ (ಬಣ್ಣ, ವಿನ್ಯಾಸ), ಚಿತ್ರಗಳು, ಬಹುಶಃ ಒಂದೆರಡು ಜಾವಾಸ್ಕ್ರಿಪ್ಟ್ ಫೈಲ್‌ಗಳು ಮಾತ್ರ ಇದ್ದರೆ ಅದು ಸ್ಟ್ಯಾಟಿಕ್ ತಾಣ. ಸರ್ವರ್ ಆ ಫೈಲ್‌ಗಳನ್ನು ಇದ್ದ ಹಾಗೆಯೇ ಓದುಗರಿಗೆ ಕಳುಹಿಸುತ್ತದೆ. ಪಿಎಚ್‌ಪಿ ಫೈಲ್‌ಗಳು ಮತ್ತು ಡೇಟಾಬೇಸ್ ಇದ್ದರೆ ಅದು ವರ್ಡ್‌ಪ್ರೆಸ್‌ನಂತಹ ವ್ಯವಸ್ಥೆಯಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ತನ್ನದೇ ಎಡಿಟರ್ ಇರುತ್ತದೆ, ಈ ಮಾರ್ಗದರ್ಶಿ ಅದಕ್ಕೆ ಅನ್ವಯಿಸುವುದಿಲ್ಲ.

ಇಲ್ಲಿ ಬಹಳ ಜನ ಮೋಸಹೋಗುವ ಇನ್ನೊಂದು ಸ್ಥಿತಿಯಿದೆ. ಜೆಕಿಲ್, ಹ್ಯೂಗೋ ಮುಂತಾದ ಜನರೇಟರ್‌ಗಳಿಂದ (ಮೂಲ ಪಠ್ಯದಿಂದ ಪುಟಗಳನ್ನು ತಾವೇ ತಯಾರಿಸುವ ತಂತ್ರಾಂಶಗಳಿಂದ) ತಯಾರಾದ ತಾಣದಲ್ಲಿ ನಿಮಗೆ ಕಾಣುವ ಎಚ್‌ಟಿಎಂಎಲ್ ಮೂಲವಲ್ಲ, ಅದು ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಸಾದಾ ಪಠ್ಯ) ಫೈಲ್‌ಗಳಿಂದ ಹೊರಬಂದ ಫಲಿತ. ಫಲಿತವನ್ನು ನೀವು ಎಷ್ಟೇ ಜೋಪಾನವಾಗಿ ತಿದ್ದಿದರೂ ಮುಂದಿನ ಸಲ ತಾಣ ತಯಾರಾದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಫೋಲ್ಡರ್‌ನಲ್ಲಿ ಅಂಡರ್‌ಸ್ಕೋರ್‌ನಿಂದ ಆರಂಭವಾಗುವ "ಕಾನ್ಫಿಗ್ ಡಾಟ್ ವೈಎಂಎಲ್" ಇದ್ದರೆ ಜೆಕಿಲ್ ಎಂದೂ, "ಹ್ಯೂಗೋ ಡಾಟ್ ಟಿಒಎಂಎಲ್" ಇದ್ದರೆ ಹ್ಯೂಗೋ ಎಂದೂ ತಿಳಿಯಿರಿ. ಜೆಕಿಲ್ ತನ್ನ ಫಲಿತವನ್ನು "ಅಂಡರ್‌ಸ್ಕೋರ್ ಸೈಟ್" ಎಂಬ ಫೋಲ್ಡರ್‌ನಲ್ಲಿ, ಹ್ಯೂಗೋ "ಪಬ್ಲಿಕ್" ಎಂಬ ಫೋಲ್ಡರ್‌ನಲ್ಲಿ ಇಡುತ್ತದೆ. ಆ ಎರಡನ್ನೂ ಕೈಯಿಂದ ಮುಟ್ಟಬೇಡಿ. ಇಂದು ಸರಿಯಾಗಿ ಕಂಡ ತಿದ್ದುಪಡಿ ವಾರದ ನಂತರ ತಾನಾಗಿ ಮಾಯವಾಗುತ್ತಿದ್ದರೆ ನೀವು ಮೂಲವನ್ನು ಬಿಟ್ಟು ಫಲಿತವನ್ನು ತಿದ್ದುತ್ತಿದ್ದೀರಿ ಎಂಬುದಕ್ಕೆ ಅದೇ ಸೂಚನೆ.

## ಹಂತ 2: ಫೈಲ್‌ಗಳು ಎಲ್ಲಿವೆ ಎಂದು ಬರೆದಿಟ್ಟುಕೊಂಡು ಪೂರ್ತಿ ನಕಲು ತೆಗೆದುಕೊಳ್ಳಿ

ಸಣ್ಣ ತಾಣಗಳ ಫೈಲ್‌ಗಳು ಸಾಮಾನ್ಯವಾಗಿ ಮೂರರಲ್ಲಿ ಒಂದು ಕಡೆ ಇರುತ್ತವೆ: ಗಿಟ್‌ಹಬ್‌ನಂತಹ ಸೇವೆಯ ರೆಪಾಸಿಟರಿಯಲ್ಲಿ (ಫೈಲ್‌ಗಳನ್ನೂ ಅವುಗಳ ಹಿಂದಿನ ಆವೃತ್ತಿಗಳನ್ನೂ ಇಡುವ ಭಂಡಾರದಲ್ಲಿ), ಸಿಪ್ಯಾನೆಲ್ ಎಂಬ ನಿರ್ವಹಣಾ ಪರದೆ ಇರುವ ಬಾಡಿಗೆ ಹೋಸ್ಟಿಂಗ್‌ನಲ್ಲಿ ಅಥವಾ ನಿಯೋಸಿಟೀಸ್‌ನಂತೆ ಎಡಿಟರ್ ಮತ್ತು ಹೋಸ್ಟಿಂಗ್ ಒಟ್ಟಿಗೇ ಸಿಗುವ ಸೇವೆಯಲ್ಲಿ. ಗಿಟ್‌ಹಬ್‌ನಲ್ಲಿ "ಕೋಡ್" ಗುಂಡಿ ಒತ್ತಿ "ಡೌನ್‌ಲೋಡ್ ಜಿಪ್" ಆರಿಸಿದರೆ ಇಡೀ ತಾಣ ನಿಮ್ಮ ಕಂಪ್ಯೂಟರ್‌ಗೆ ಬರುತ್ತದೆ. ಸಿಪ್ಯಾನೆಲ್‌ನಲ್ಲಾದರೆ ಫೈಲ್ ಮ್ಯಾನೇಜರ್ ತೆರೆದು, "ಪಬ್ಲಿಕ್ ಎಚ್‌ಟಿಎಂಎಲ್" ಫೋಲ್ಡರನ್ನು ಕಂಪ್ರೆಸ್ ಮಾಡಿ ಇಳಿಸಿಕೊಳ್ಳಿ. ನಿಯೋಸಿಟೀಸ್ ಕೂಡ ಇಡೀ ತಾಣವನ್ನು ಜಿಪ್ ಆಗಿ ಕೊಡುತ್ತದೆ.

ಈ ನಕಲನ್ನು ತೆಗೆಯಲಾಗದ ಸೇವೆಯಿದ್ದರೆ ಅದನ್ನು ಅಲ್ಲಿಯೇ ಕೈಬಿಡಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಬ್ರೌಸರ್‌ನಲ್ಲೇ ತಿದ್ದಿ ಅಲ್ಲಿಯೇ ಪ್ರಕಟಿಸಲು ಅನೇಕರು ಮೆಚ್ಚಿ ಬಳಸುತ್ತಿದ್ದ ಗ್ಲಿಚ್ ಸೇವೆಯು 2025ರ ಜುಲೈ 8ರಂದು ಹೋಸ್ಟಿಂಗ್ ನಿಲ್ಲಿಸಿತು. ಎಡಿಟರ್ ಎಷ್ಟು ಚೆನ್ನಾಗಿದ್ದರೂ ಅದು ಮುಚ್ಚುವ ದಿನ ಬರಬಹುದು. ಆಗ ಉಳಿಯುವುದು ನೀವು ಇಳಿಸಿಕೊಂಡ ನಕಲು ಮಾತ್ರ.

## ಹಂತ 3: ಯಾರು ತಿದ್ದುತ್ತಾರೆ ಎಂದು ತೀರ್ಮಾನಿಸಿ

ಎಚ್‌ಟಿಎಂಎಲ್ ಟ್ಯಾಗ್ (ಪುಟದ ಭಾಗಗಳನ್ನು ಗುರುತಿಸಲು ಕೋನ ಆವರಣದೊಳಗೆ ಬರೆಯುವ ಸಂಕೇತ) ನೋಡಿದರೆ ಹೆದರದ ಒಬ್ಬರೇ ತಿದ್ದುವವರಾದರೆ ಕೋಡ್ ಎಡಿಟರ್ ಸಾಕು. ಹಲವರು ತಿದ್ದುವುದಾದರೆ, ಅವರಲ್ಲಿ ಟ್ಯಾಗ್ ಎಂದರೇನೆಂದೇ ತಿಳಿಯದವರೂ ಇದ್ದರೆ, ಶೀರ್ಷಿಕೆ, ದಿನಾಂಕ, ವಿವರ ಎಂದು ಖಾನೆಗಳನ್ನು ತೋರಿಸುವ ನಮೂನೆಯಂತಹ ವ್ಯವಸ್ಥೆ ಬೇಕು. ಈ ನಿರ್ಧಾರವನ್ನು ನಿಮ್ಮ ಸಾಮರ್ಥ್ಯ ನೋಡಿ ಮಾಡಬೇಡಿ. ಮುಂದಿನ ವರ್ಷ ಈ ಕೆಲಸ ವಹಿಸಿಕೊಳ್ಳುವವರ ಸಾಮರ್ಥ್ಯ ನೋಡಿ ಮಾಡಿ.

## ಹಂತ 4: ನಾಲ್ಕು ಬಗೆಗಳಲ್ಲಿ ನಿಮ್ಮದನ್ನು ಗುರುತಿಸಿ

ಬಗೆ ಒಂದು, ಹೋಸ್ಟಿಂಗ್ ಜೊತೆಗೇ ಬರುವ ಎಡಿಟರ್. ಗಿಟ್‌ಹಬ್‌ನಲ್ಲಿ ಯಾವುದೇ ಫೈಲ್ ತೆರೆದಾಗ ಕಾಣುವ ಪೆನ್ಸಿಲ್ ಗುರುತು ಒತ್ತಿದರೆ ಆ ಫೈಲ್ ಅಲ್ಲಿಯೇ ತಿದ್ದಲು ಸಿಗುತ್ತದೆ. ತಿದ್ದಿದ ಬಳಿಕ "ಕಮಿಟ್ ಚೇಂಜಸ್" ಒತ್ತಿ, ಏನು ಬದಲಿಸಿದಿರಿ ಎಂದು ಒಂದು ಸಾಲು ಬರೆದರೆ ಕೆಲಸ ಮುಗಿಯಿತು. ಹೀಗೆ ದಾಖಲಾಗುವ ಒಂದೊಂದು ಬದಲಾವಣೆಗೂ ಕಮಿಟ್ ಎಂದು ಹೆಸರು. ಕೈಯಿಂದ ಬರೆದ ಕೆಲವೇ ಪುಟಗಳ ತಾಣಕ್ಕೆ ಇದಕ್ಕಿಂತ ಸರಳವಾದದ್ದನ್ನು ಹುಡುಕುವ ಅಗತ್ಯವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇದು ಮೊಬೈಲ್ ಬ್ರೌಸರ್‌ನಲ್ಲಿಯೂ ನಡೆಯುತ್ತದೆ. ಇದರ ಮಿತಿಯೆಂದರೆ ಒಂದು ಸಲಕ್ಕೆ ಒಂದೇ ಫೈಲ್. ಮಾರ್ಕ್‌ಡೌನ್ ಹೊರತು ಎಚ್‌ಟಿಎಂಎಲ್ ಪುಟ ಹೇಗೆ ಕಾಣುತ್ತದೆ ಎಂದು ಇದು ತೋರಿಸುವುದೂ ಇಲ್ಲ.

ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್‌ನಲ್ಲಿಯೂ "ಎಡಿಟ್" ಸೌಲಭ್ಯ ಇದೆ. ಫೈಲ್ ತೆರೆಯುವ ಮುನ್ನ ಅಕ್ಷರ ಸಂಕೇತ ಯಾವುದೆಂದು ಅದು ಕೇಳಿದರೆ ಕನ್ನಡವೂ ಸೇರಿ ಎಲ್ಲ ಲಿಪಿಗಳಿಗೂ ಸಲ್ಲುವ ಯುಟಿಎಫ್-8 ಎಂದೇ ಆರಿಸಿ. ಬೇರೆ ಸಂಕೇತ ಆರಿಸಿ ಉಳಿಸಿದರೆ ಪುಟದ ಕನ್ನಡವೆಲ್ಲ ಗೊಂದಲದ ಚಿಹ್ನೆಗಳಾಗುತ್ತದೆ. ಗಿಟ್‌ಹಬ್‌ನಂತೆ ಇಲ್ಲಿ ಹಿಂದಿನ ಆವೃತ್ತಿಗಳ ದಾಖಲೆ ಇರುವುದಿಲ್ಲವಾದ್ದರಿಂದ ತಿದ್ದುವ ಮುನ್ನ ಪ್ರತಿ ಸಲವೂ ಆ ಫೈಲಿನ ನಕಲು ಮಾಡಿಕೊಳ್ಳಬೇಕು.

ಇನ್ನೂ ತಾಣವೇ ಇಲ್ಲದವರು ನಿಯೋಸಿಟೀಸ್ ನೋಡಬಹುದು. ಉಚಿತ ಖಾತೆಗೆ 1 ಜಿಬಿ ಜಾಗ ಸಿಗುತ್ತದೆ, ಬ್ರೌಸರ್ ಒಳಗೇ ಎಚ್‌ಟಿಎಂಎಲ್ ಎಡಿಟರ್ ಇದೆ. ಸ್ವಂತ ಡೊಮೇನ್ ಹೆಸರು ಜೋಡಿಸಲು ಮಾತ್ರ ಹಣ ಕೊಡಬೇಕಾಗುತ್ತದೆ.

ಬಗೆ ಎರಡು, ಬ್ರೌಸರ್‌ನಲ್ಲಿ ನಡೆಯುವ ಪೂರ್ಣ ಕೋಡ್ ಎಡಿಟರ್. ಗಿಟ್‌ಹಬ್ ರೆಪಾಸಿಟರಿಯ ಪುಟದಲ್ಲಿದ್ದು ಕೀಬೋರ್ಡ್‌ನ ಚುಕ್ಕೆ ಕೀಲಿ ಒತ್ತಿದರೆ, ಅಥವಾ ವಿಳಾಸದಲ್ಲಿರುವ "ಡಾಟ್ ಕಾಮ್" ತೆಗೆದು "ಡಾಟ್ ಡೆವ್" ಎಂದು ಬರೆದರೆ, ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಎಡಿಟರ್‌ನ ವೆಬ್ ರೂಪ ತೆರೆದುಕೊಳ್ಳುತ್ತದೆ. ಹಲವು ಪುಟಗಳಲ್ಲಿ ಒಂದೇ ದೂರವಾಣಿ ಸಂಖ್ಯೆಯನ್ನು ಬದಲಿಸಬೇಕಾದಾಗ ಇದರ ಉಪಯೋಗ ದೊಡ್ಡದು, ಏಕೆಂದರೆ ಇಡೀ ತಾಣದಲ್ಲಿ ಹುಡುಕಿ ಬದಲಿಸಬಹುದು, ಎಲ್ಲ ಬದಲಾವಣೆಗಳನ್ನು ಒಟ್ಟಿಗೆ ಕಳುಹಿಸಬಹುದು. ಇದರಲ್ಲಿ ಆಜ್ಞೆಗಳನ್ನು ಟೈಪ್ ಮಾಡಿ ತಂತ್ರಾಂಶ ಓಡಿಸುವ ಟರ್ಮಿನಲ್ ಇಲ್ಲ. ಹ್ಯೂಗೋದಂತಹ ಜನರೇಟರನ್ನು ಇದರೊಳಗೆ ಓಡಿಸಲಾಗದು. ಮೊಬೈಲ್ ಬ್ರೌಸರ್‌ಗೂ ಇದು ಹೊಂದುವುದಿಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಕಂಟ್ರೋಲ್ ಮತ್ತು ಎಸ್ ಒತ್ತಿದ ಕೂಡಲೇ ತಿದ್ದುಪಡಿ ಪ್ರಕಟವಾಯಿತೆಂದು ಜನ ಟ್ಯಾಬ್ ಮುಚ್ಚುತ್ತಾರೆ. ವಾಸ್ತವದಲ್ಲಿ ಆ ಬದಲಾವಣೆ ನಿಮ್ಮ ಬ್ರೌಸರ್‌ನಲ್ಲಿ ಮಾತ್ರ ಉಳಿದಿರುತ್ತದೆ, ಬ್ರೌಸರ್‌ನ ದತ್ತಾಂಶ ಅಳಿಸಿದರೆ ಅದೂ ಹೋಗುತ್ತದೆ. ಎಡಬದಿಯ "ಸೋರ್ಸ್ ಕಂಟ್ರೋಲ್" ವಿಭಾಗಕ್ಕೆ ಹೋಗಿ, ಸಂದೇಶ ಬರೆದು, "ಕಮಿಟ್ ಆ್ಯಂಡ್ ಪುಶ್" ಮಾಡಿದ ಮೇಲೆಯೇ ಅದು ಗಿಟ್‌ಹಬ್ ತಲುಪುವುದು. ಆ ವಿಭಾಗದ ಗುರುತಿನ ಮೇಲೆ ಸಂಖ್ಯೆಯೊಂದು ಉಳಿದಿದ್ದರೆ ಅಷ್ಟು ಫೈಲ್‌ಗಳು ಇನ್ನೂ ಹೋಗಿಲ್ಲವೆಂದೇ ಅರ್ಥ.

ರೆಪಾಸಿಟರಿ ಇಲ್ಲದೆ ಕಂಪ್ಯೂಟರ್‌ನಲ್ಲಿರುವ ಫೋಲ್ಡರನ್ನೇ ತಿದ್ದಬೇಕಾದವರು ಕ್ರೋಮ್ ಅಥವಾ ಎಡ್ಜ್‌ನಲ್ಲಿ "ವಿಎಸ್‌ಕೋಡ್ ಡಾಟ್ ಡೆವ್" ತೆರೆದು "ಓಪನ್ ಫೋಲ್ಡರ್" ಆರಿಸಬಹುದು. ಅದೇ ಎಚ್‌ಟಿಎಂಎಲ್ ಫೈಲನ್ನು ಪಕ್ಕದ ಟ್ಯಾಬ್‌ನಲ್ಲಿ ತೆರೆದಿಟ್ಟುಕೊಂಡು, ಉಳಿಸಿದಾಗಲೆಲ್ಲ ಆ ಟ್ಯಾಬ್ ರಿಫ್ರೆಶ್ ಮಾಡಿದರೆ ಪುಟ ಹೇಗೆ ಕಾಣುತ್ತದೆಂಬುದು ತಕ್ಷಣ ಗೊತ್ತಾಗುತ್ತದೆ. ಪ್ರಕಟಿಸುವ ಮುನ್ನ ನೋಡಿಕೊಳ್ಳಲು ಇದು ಯಾವ ಖರ್ಚೂ ಇಲ್ಲದ ದಾರಿ.

ಬಗೆ ಮೂರು, ನಮೂನೆ ತೋರಿಸುವ ವ್ಯವಸ್ಥೆಗಳು. ಪೇಜಸ್ ಸಿಎಂಎಸ್, ಡೆಕ್ಯಾಪ್ ಸಿಎಂಎಸ್ ಇವು ಗಿಟ್‌ಹಬ್‌ನ ಫೈಲ್‌ಗಳ ಮೇಲೆ ಸುಲಭವಾದ ಪರದೆಯೊಂದನ್ನು ಒದಗಿಸುತ್ತವೆ. ತಿದ್ದುವವರಿಗೆ ಖಾನೆಗಳು ಮಾತ್ರ ಕಾಣುತ್ತವೆ, ಹಿಂದೆ ಪ್ರತಿ ಸಲ ಉಳಿಸಿದ್ದೂ ಒಂದು ಕಮಿಟ್ ಆಗುತ್ತದೆ. ಪೇಜಸ್ ಸಿಎಂಎಸ್‌ಗೆ ರೆಪಾಸಿಟರಿಯಲ್ಲಿ ಒಂದೇ ಸಂರಚನಾ ಫೈಲ್ ಸಾಕು. ಡೆಕ್ಯಾಪ್‌ಗೆ "ಅಡ್ಮಿನ್" ಎಂಬ ಫೋಲ್ಡರ್‌ನಲ್ಲಿ ಎರಡು ಫೈಲ್‌ಗಳ ಜೊತೆಗೆ, ಗಿಟ್‌ಹಬ್ ಮೂಲಕ ಲಾಗಿನ್ ಆಗಲು ಪ್ರತ್ಯೇಕ ದೃಢೀಕರಣ ಸರ್ವರ್ ಬೇಕು. ಹೊಸಬರು ಕೈಚೆಲ್ಲುವುದು ಈ ಸರ್ವರ್ ಜೋಡಿಸುವಾಗಲೇ, ಆದ್ದರಿಂದ ಮೊದಲು ಪೇಜಸ್ ಸಿಎಂಎಸ್ ನೋಡಿ ಎಂದು ಸಲಹೆ ಕೊಡುತ್ತೇನೆ. ಆದರೆ ಲೇಖನವೊಂದು ಪ್ರಕಟವಾಗುವ ಮೊದಲು ಇನ್ನೊಬ್ಬರು ಒಪ್ಪಿಗೆ ಕೊಡಬೇಕೆಂಬ ಪದ್ಧತಿ ನಿಮ್ಮಲ್ಲಿದ್ದರೆ ಡೆಕ್ಯಾಪ್‌ನಲ್ಲಿ ಅದಕ್ಕೆಂದೇ ಕರಡು, ಪರಿಶೀಲನೆ, ಸಿದ್ಧ ಎಂಬ ಹಂತಗಳ ಏರ್ಪಾಡಿದೆ. ಮಾರ್ಕ್‌ಡೌನ್ ಅಥವಾ ದತ್ತಾಂಶ ಫೈಲ್‌ಗಳಲ್ಲಿ ವಿಷಯವಿರುವ ತಾಣಗಳಿಗೆ ಈ ಬಗೆ ಸರಿ. ಪ್ರತಿ ಪುಟವನ್ನೂ ಕೈಯಿಂದ ಎಚ್‌ಟಿಎಂಎಲ್‌ನಲ್ಲಿ ಬರೆದ ತಾಣಕ್ಕೆ ಇದರಿಂದ ಹೆಚ್ಚು ಲಾಭವಿಲ್ಲ. ಮೊದಲು ತಾಣವನ್ನೇ ಜನರೇಟರ್‌ಗೆ ಬದಲಿಸಿಕೊಳ್ಳಬೇಕಾಗುತ್ತದೆ.

ಬಗೆ ನಾಲ್ಕು, ಪುಟವನ್ನು ಕಣ್ಣಿಗೆ ಕಾಣುವಂತೆಯೇ ತಿದ್ದುವ ಎಡಿಟರ್‌ಗಳು. ಎಳೆದು ತಂದು ಕೂರಿಸುವ ಸಿಲೆಕ್ಸ್‌ನಂತಹವು ಹೊಸ ತಾಣ ಕಟ್ಟಲು ಅನುಕೂಲ. ಈಗಾಗಲೇ ಇರುವ ಎಚ್‌ಟಿಎಂಎಲ್ ಪುಟವನ್ನು ದೃಶ್ಯ ಎಡಿಟರ್‌ಗೆ ಅಂಟಿಸಿ ತಿದ್ದಿ ವಾಪಸು ತರುವ ಯೋಚನೆಯಿದ್ದರೆ ಮುಂದಿನ ಎರಡು ಹಂತಗಳನ್ನು ವಿಶೇಷ ಗಮನದಿಂದ ಮಾಡಿ. ದೃಶ್ಯ ಎಡಿಟರ್‌ಗಳಲ್ಲಿ ಒಂದಾದ ಸಿಕೆಎಡಿಟರ್ 5 ತನಗೆ ಪರಿಚಯವಿಲ್ಲದ ಟ್ಯಾಗ್‌ಗಳನ್ನು, ವಿಶೇಷ ಸಂರಚನೆ ಮಾಡದಿದ್ದರೆ, ಬಿಟ್ಟುಬಿಡುತ್ತದೆ. ಇಂತಹದೇ ಇನ್ನೊಂದಾದ ಟೈನಿಎಂಸಿಇ, ಒಳಗೆ ಏನೂ ಇಲ್ಲದ ಟ್ಯಾಗ್‌ಗಳನ್ನು ತೆಗೆಯುತ್ತದೆ, ಐಕಾನ್ ತೋರಿಸಲು ಬಳಸುವ ಖಾಲಿ ಟ್ಯಾಗ್ ಅದರಲ್ಲಿ ಕಾಣೆಯಾಗುವುದು ಹಾಗೆ. ಇವು ಲೇಖನದ ಪಠ್ಯ ಬರೆಯಲು ರೂಪಿಸಿದ ಸಾಧನಗಳು, ಇಡೀ ಪುಟದ ರಚನೆಯನ್ನು ಕಾಯುವ ಕೆಲಸ ಅವುಗಳದ್ದಲ್ಲ.

ಕೋಡ್‌ಪೆನ್‌ನಂತಹ ತಾಣಗಳನ್ನು ಈ ಪಟ್ಟಿಗೆ ಸೇರಿಸಿಲ್ಲ. ತುಣುಕು ಕೋಡ್ ಬರೆದು ನೋಡಲು ಅವು ಬಹಳ ಚೆನ್ನಾಗಿವೆ, ಆದರೆ ನಿಮ್ಮ ತಾಣದ ಫೈಲನ್ನು ಅಲ್ಲಿಂದ ನೇರವಾಗಿ ಉಳಿಸಲಾಗುವುದಿಲ್ಲ.

## ಹಂತ 5: ಪರೀಕ್ಷಾ ಪುಟವೊಂದನ್ನು ಸಿದ್ಧಪಡಿಸಿ

ಮುಖಪುಟವನ್ನು ತೆರೆದು ಹೊಸ ಎಡಿಟರ್‌ನ ಪ್ರಯೋಗ ಮಾಡಬೇಡಿ. ತಾಣದ ಒಂದು ಪುಟವನ್ನು ನಕಲು ಮಾಡಿ ಬೇರೆ ಹೆಸರಿಟ್ಟು, ಎಡಿಟರ್‌ಗಳು ಸಾಮಾನ್ಯವಾಗಿ ಕೆಡಿಸುವ ವಸ್ತುಗಳನ್ನೆಲ್ಲ ಅದರಲ್ಲಿ ಬೇಕೆಂದೇ ಸೇರಿಸಿ. ಮೂರು ಸಾಲಿನ ಒಂದು ಕೋಷ್ಟಕ, ಒಂದು ಚಿತ್ರ, ತಾಣದೊಳಗಿನ ಒಂದು ಕೊಂಡಿ, ಓದುಗರಿಗೆ ಕಾಣದ ಒಂದು ಟಿಪ್ಪಣಿ, ಒಳಗೆ ಏನೂ ಇಲ್ಲದೆ ಕ್ಲಾಸ್ ಹೆಸರು ಮಾತ್ರ ಇರುವ ಒಂದು ಟ್ಯಾಗ್, ಒಂದು ಸ್ಕ್ರಿಪ್ಟ್ ಟ್ಯಾಗ್ ಇರಲಿ.

ಕನ್ನಡದ ಪರೀಕ್ಷೆಗೆ ಒತ್ತಕ್ಷರಗಳಿರುವ ಒಂದು ಪ್ಯಾರಾ ಹಾಕಿ, ಅದರಲ್ಲಿ "ಸಾಫ್ಟ್‌ವೇರ್", "ಬ್ರೌಸರ್‌ನಲ್ಲಿ" ಎಂಬಂತಹ ಪದಗಳಿರಲಿ. ಈ ಪದಗಳಲ್ಲಿ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್-ಜಾಯಿನರ್ ಎಂಬ ಅಕ್ಷರವಿದೆ. ಪಠ್ಯವನ್ನು "ಶುಚಿ" ಮಾಡುವ ಎಡಿಟರ್‌ಗಳು ಅದನ್ನು ಕಸವೆಂದು ಭಾವಿಸಿ ತೆಗೆದರೆ ಅರ್ಧಾಕ್ಷರವು ಮುಂದಿನ ಅಕ್ಷರದೊಂದಿಗೆ ಬೆಸೆದು ಪದ ವಿಕಾರವಾಗುತ್ತದೆ. ಇಂಗ್ಲಿಷ್ ಪುಟಗಳಲ್ಲಿ ಮಾತ್ರ ಪರೀಕ್ಷೆಯಾದ ಎಡಿಟರ್‌ನ ದೋಷ ಇಂತಹ ಕಡೆಯೇ ಹೊರಬೀಳುತ್ತದೆ.

## ಹಂತ 6: ಒಂದೇ ಸಾಲು ತಿದ್ದಿ, ವ್ಯತ್ಯಾಸ ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತಕ್ಕೆ ಸಮಯವಿದ್ದರೆ ಅದನ್ನು ಇದಕ್ಕೆ ಕೊಡಿ. ಆರಿಸಿಕೊಂಡ ಎಡಿಟರ್‌ನಲ್ಲಿ ಪರೀಕ್ಷಾ ಪುಟ ತೆರೆದು, ಒಂದು ದಿನಾಂಕವನ್ನು ಮಾತ್ರ ಬದಲಿಸಿ, ಉಳಿಸಿ. ಫೈಲ್ ಗಿಟ್‌ಹಬ್‌ನಲ್ಲಿದ್ದರೆ "ಕಮಿಟ್ಸ್" ಪಟ್ಟಿಯಲ್ಲಿ ಕೊನೆಯದನ್ನು ತೆರೆಯಿರಿ. ತೆಗೆದ ಸಾಲು ಕೆಂಪಿನಲ್ಲಿ, ಸೇರಿಸಿದ ಸಾಲು ಹಸಿರಿನಲ್ಲಿ ಕಾಣುತ್ತದೆ. ಒಂದು ಕೆಂಪು ಸಾಲು, ಒಂದು ಹಸಿರು ಸಾಲು ಮಾತ್ರ ಕಂಡರೆ ಎಡಿಟರ್ ಪ್ರಾಮಾಣಿಕವಾಗಿದೆ. ಫೈಲ್ ಬೇರೆಡೆ ಇದ್ದರೆ ಹಳೆಯ ಮತ್ತು ಹೊಸ ಪ್ರತಿಗಳೆರಡನ್ನೂ ಒಂದೇ ಹೆಸರಿನಲ್ಲಿ ಒಂದಾದ ಮೇಲೊಂದರಂತೆ ತಾತ್ಕಾಲಿಕ ರೆಪಾಸಿಟರಿಯೊಂದಕ್ಕೆ ಏರಿಸಿಯೂ ಇದೇ ಹೋಲಿಕೆ ಮಾಡಬಹುದು.

ಇಡೀ ಪುಟವೇ ಕೆಂಪು ಹಸಿರಾದರೆ ಎರಡು ಕಾರಣಗಳಿರಬಹುದು. ಎಡಿಟರ್ ಸಾಲಿನ ಕೊನೆಯ ಗುರುತನ್ನು ವಿಂಡೋಸ್ ಪದ್ಧತಿಯಿಂದ ಲಿನಕ್ಸ್ ಪದ್ಧತಿಗೋ ಅದಕ್ಕೆ ತಿರುಗುಮುರುಗಾಗಿಯೋ ಬದಲಿಸಿರಬಹುದು. ಓದುಗರಿಗೆ ಇದರಿಂದ ತೊಂದರೆಯಿಲ್ಲ, ಆದರೆ ಮುಂದೆ ಯಾರು ಏನು ಬದಲಿಸಿದರೆಂದು ಪತ್ತೆ ಮಾಡಲು ಕಷ್ಟವಾಗುತ್ತದೆ. ಇಲ್ಲವೇ ಅದು ಇಡೀ ಎಚ್‌ಟಿಎಂಎಲ್ ಅನ್ನು ತನ್ನ ಇಷ್ಟದಂತೆ ಮತ್ತೆ ಬರೆದಿರಬಹುದು. ಟಿಪ್ಪಣಿ, ಖಾಲಿ ಟ್ಯಾಗ್, ಸ್ಕ್ರಿಪ್ಟ್ ಮೂರೂ ಉಳಿದಿವೆಯೇ ಎಂದು ಹುಡುಕಿ ನೋಡಿ. ಒಂದಾದರೂ ಹೋಗಿದ್ದರೆ ಆ ಎಡಿಟರ್ ನಿಮ್ಮ ತಾಣಕ್ಕೆ ಬೇಡ, ಅದರ ಪರದೆ ಎಷ್ಟೇ ಸುಂದರವಾಗಿರಲಿ.

ಇನ್ನು ಕೆಲವು ಅಪಾಯದ ಸೂಚನೆಗಳನ್ನು ಇದೇ ಹೊತ್ತಿನಲ್ಲಿ ಗಮನಿಸಬೇಕು. ಉಳಿಸಿದ ಪುಟದಲ್ಲಿ ನೀವು ಬರೆಯದ ಸ್ಕ್ರಿಪ್ಟ್ ಅಥವಾ ಎಡಿಟರ್ ಕಂಪನಿಯ ಜಾಹೀರಾತು ಕೊಂಡಿ ಸೇರಿದ್ದರೆ, ಚಿತ್ರಗಳ ವಿಳಾಸ ನಿಮ್ಮ ಫೋಲ್ಡರ್ ಬಿಟ್ಟು ಅವರ ಸರ್ವರ್‌ನತ್ತ ತಿರುಗಿದ್ದರೆ, ಫೈಲ್ ಇಳಿಸಿಕೊಳ್ಳಲು ಮಾತ್ರ ಹಣ ಕೇಳಿದರೆ, ಅಲ್ಲಿಂದ ಹೊರಬನ್ನಿ.

## ಹಂತ 7: ಕನ್ನಡ ಪಠ್ಯವನ್ನು ಒಳಗೆ ತರುವ ಕ್ರಮ ಕಲಿತುಕೊಳ್ಳಿ

ಪುಟದ ತಲೆಭಾಗದಲ್ಲಿ ಅಕ್ಷರ ಸಂಕೇತ ಯುಟಿಎಫ್-8 ಎಂದು ಹೇಳುವ ಮೆಟಾ ಟ್ಯಾಗ್ ಇರಬೇಕು, ಅದೂ ಫೈಲಿನ ಮೊದಲ 1024 ಬೈಟ್‌ಗಳ ಒಳಗೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ, ಉದ್ದನೆಯ ಕನ್ನಡ ಶೀರ್ಷಿಕೆ ಮತ್ತು ವಿವರಣೆಯನ್ನು ಮೊದಲು ಬರೆದು ಈ ಟ್ಯಾಗನ್ನು ಕೆಳಗಿಟ್ಟರೆ ಅದು ಮಿತಿ ದಾಟಬಹುದು. ಅದನ್ನು ತಲೆಭಾಗದ ಮೊಟ್ಟಮೊದಲ ಸಾಲಾಗಿ ಇಡಿ. ಪುಟದ ಭಾಷೆ "ಕೆಎನ್" ಎಂದು ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಸೂಚಿಸಿ, ಇದರಿಂದ ಪುಟವನ್ನು ಓದಿ ಹೇಳುವ ತಂತ್ರಾಂಶಗಳಿಗೆ ಅದು ಕನ್ನಡವೆಂದು ತಿಳಿಯುತ್ತದೆ.

ಡಿಟಿಪಿ ಅಂಗಡಿಯಿಂದಲೋ ಹಳೆಯ ಕಚೇರಿ ಕಂಪ್ಯೂಟರ್‌ನಿಂದಲೋ ಬಂದ ಪಠ್ಯ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಇರಬಹುದು. ಅದನ್ನು ಎಡಿಟರ್‌ಗೆ ಅಂಟಿಸಿದಾಗ ಮೇಲೆ ಕೆಳಗೆ ಚಿಹ್ನೆ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಇದು ಎಡಿಟರ್‌ನ ತಪ್ಪಲ್ಲ. ಆ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ತನ್ನಿ, ಮತ್ತು ಪರಿವರ್ತನೆಯ ನಂತರ ಅರ್ಕಾವತ್ತು, ದೀರ್ಘ, ಅಂಕಿಗಳನ್ನು ಒಮ್ಮೆ ಓದಿ ಸರಿಪಡಿಸಿ. ಫಾಂಟ್ ಬದಲಿಸಿ ಪರದೆಯ ಮೇಲೆ ಸರಿಯಾಗಿ ತೋರಿಸಿ ಸುಮ್ಮನಾಗುವುದು ಸಲ್ಲದು. ಹುಡುಕಾಟದಲ್ಲಿ ಆ ಪುಟ ಎಂದಿಗೂ ಸಿಗುವುದಿಲ್ಲ.

ಕೋಡ್ ಎಡಿಟರ್‌ಗಳಲ್ಲಿ ಉದ್ದನೆಯ ಕನ್ನಡ ಸಾಲುಗಳ ನಡುವೆ ಕರ್ಸರ್ ಕಾಣುವ ಜಾಗ ಒಂದು, ಅಕ್ಷರ ಬೀಳುವ ಜಾಗ ಇನ್ನೊಂದು ಆಗುವುದುಂಟು. ಹೀಗಾಗಿ ಕನ್ನಡ ಪ್ಯಾರಾವನ್ನು ನೋಟ್‌ಪ್ಯಾಡ್‌ನಂತಹ ಸರಳ ಜಾಗದಲ್ಲಿ ಪೂರ್ತಿ ಬರೆದು, ಓದಿ, ತಿದ್ದಿ, ಎರಡು ಟ್ಯಾಗ್‌ಗಳ ನಡುವೆ ಒಮ್ಮೆಗೇ ಅಂಟಿಸುವುದು ಒಳ್ಳೆಯ ಅಭ್ಯಾಸ. ವರ್ಡ್‌ನಿಂದ ದೃಶ್ಯ ಎಡಿಟರ್‌ಗೆ ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ. ಇಲ್ಲವಾದರೆ ವರ್ಡ್‌ನ ಫಾಂಟ್, ಬಣ್ಣ, ಅಂತರಗಳೆಲ್ಲ ಪುಟದೊಳಗೆ ಬಂದು ಕೂರುತ್ತವೆ. ಕಾಣದ ಅಕ್ಷರವಿದೆಯೆಂದು ಎಡಿಟರ್ ಎಚ್ಚರಿಕೆ ತೋರಿಸಿದರೆ, ಅದು ಹಂತ 5ರಲ್ಲಿ ಹೇಳಿದ, ಕನ್ನಡ ಪದದ ನಡುವಿನ ನಾನ್-ಜಾಯಿನರ್ ಗುರುತೇ ಎಂದು ನೋಡದೆ ಅಳಿಸಬೇಡಿ.

## ಹಂತ 8: ಪ್ರಕಟಿಸಿ, ಹೊರಗಿನವರಂತೆ ನೋಡಿ

ರೆಪಾಸಿಟರಿಯ ಫೈಲ್‌ಗಳನ್ನು ತಾಣವಾಗಿ ಪ್ರಕಟಿಸುವ ಗಿಟ್‌ಹಬ್ ಪೇಜಸ್ ಬಳಸುವವರು ರೆಪಾಸಿಟರಿಯ "ಸೆಟ್ಟಿಂಗ್ಸ್"ನಲ್ಲಿ "ಪೇಜಸ್" ತೆರೆದು, ಯಾವ ಬ್ರಾಂಚ್‌ನಿಂದ (ಫೈಲ್‌ಗಳ ಯಾವ ಸಮಾನಾಂತರ ಪ್ರತಿಯಿಂದ) ಪ್ರಕಟವಾಗಬೇಕೆಂದು ಆರಿಸಬೇಕು. ಉಚಿತ ಖಾತೆಯಲ್ಲಿ ಇದಕ್ಕೆ ರೆಪಾಸಿಟರಿ ಸಾರ್ವಜನಿಕವಾಗಿರಲೇಬೇಕು. ಪ್ರಕಟವಾದ ತಾಣದ ಗಾತ್ರ 1 ಜಿಬಿ ಮೀರುವಂತಿಲ್ಲ, ಬ್ರೌಸರ್ ಮೂಲಕ ಏರಿಸುವ ಒಂದು ಫೈಲ್ 25 ಎಂಬಿ ಮೀರುವಂತಿಲ್ಲ. ಮೊಬೈಲ್‌ನ ಚಿತ್ರಗಳನ್ನು ಹಾಗೆಯೇ ಏರಿಸದೆ, ಬ್ರೌಸರ್‌ನಲ್ಲೇ ನಡೆಯುವ ಸ್ಕ್ವೂಶ್‌ನಂತಹ ಸಾಧನದಲ್ಲಿ ಕುಗ್ಗಿಸಿಕೊಳ್ಳಿ. ಹಳ್ಳಿಯ ಸಿಗ್ನಲ್‌ನಲ್ಲಿ ಪುಟ ತೆರೆಯುವವರಿಗೆ ಇದು ಉಪಕಾರ.

ತಿದ್ದುಪಡಿ ತಾಣದಲ್ಲಿ ಕಾಣಲು 10 ನಿಮಿಷದವರೆಗೂ ಹಿಡಿಯಬಹುದು. ಕಾಣಲಿಲ್ಲವೆಂದು ಮತ್ತೆ ಮತ್ತೆ ತಿದ್ದಿ ಕಮಿಟ್ ಮಾಡಬೇಡಿ. "ಆ್ಯಕ್ಷನ್ಸ್" ವಿಭಾಗದಲ್ಲಿ ಹಸಿರು ಗುರುತು ಬಂದಿದೆಯೇ ನೋಡಿ. ಬಂದಿದ್ದರೆ ಖಾಸಗಿ ಕಿಟಕಿಯಲ್ಲಿ ಪುಟ ತೆರೆಯಿರಿ, ಏಕೆಂದರೆ ನಿಮ್ಮ ಬ್ರೌಸರ್ ಹಳೆಯ ಪ್ರತಿಯನ್ನೇ ಇಟ್ಟುಕೊಂಡಿರಬಹುದು. ಕೆಂಪು ಗುರುತು ಬಂದಿದ್ದರೆ ಅದನ್ನು ಒತ್ತಿ ದೋಷದ ಸಾಲನ್ನು ಓದಿ.

ಕಂಪ್ಯೂಟರ್‌ನಲ್ಲಿ ಸರಿಯಾಗಿದ್ದ ಚಿತ್ರ ತಾಣದಲ್ಲಿ ಕಾಣದಿರಲು ಹೆಚ್ಚಾಗಿ ಎರಡೇ ಕಾರಣ. ಫೈಲ್ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ, ಗಿಟ್‌ಹಬ್ ಪೇಜಸ್ ಎಣಿಸುತ್ತದೆ. ಫೈಲ್ ಹೆಸರಿನ ಕೊನೆಯ "ಜೆಪಿಜಿ" ದೊಡ್ಡಕ್ಷರದಲ್ಲಿದ್ದು ಕೊಂಡಿಯಲ್ಲಿ ಸಣ್ಣಕ್ಷರದಲ್ಲಿದ್ದರೆ ಚಿತ್ರ ಸಿಗದು. ಹೆಸರುಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಜಾಗ ಬಿಡದೆ ಬರೆದರೆ ಈ ತೊಂದರೆ ಬರುವುದಿಲ್ಲ. ಎರಡನೆಯದು ಕೊಂಡಿಯ ಆರಂಭದ ಓರೆಗೆರೆ. ತಾಣದ ವಿಳಾಸದ ಕೊನೆಯಲ್ಲಿ ರೆಪಾಸಿಟರಿಯ ಹೆಸರು ಇರುವಾಗ, ಓರೆಗೆರೆಯಿಂದ ಆರಂಭವಾದ ಕೊಂಡಿಯು ಆ ಹೆಸರನ್ನು ಬಿಟ್ಟು ಡೊಮೇನ್‌ನ ಬುಡಕ್ಕೆ ಹೋಗಿ ಹುಡುಕುತ್ತದೆ, ಅಲ್ಲಿ ನಿಮ್ಮ ಫೈಲ್ ಇರುವುದಿಲ್ಲ. ಇಡೀ ತಾಣ ಬಣ್ಣ ವಿನ್ಯಾಸಗಳಿಲ್ಲದೆ ಬರಿ ಅಕ್ಷರವಾಗಿ ಕಂಡರೆ ಸಿಎಸ್‌ಎಸ್ ಕೊಂಡಿಯಲ್ಲಿ ಈ ಓರೆಗೆರೆ ಇದೆಯೇ ಎಂದು ಮೊದಲು ನೋಡಿ, ತೆಗೆದು ಪರೀಕ್ಷಿಸಿ.

ಸ್ವಂತ ಡೊಮೇನ್ ಇರುವವರ ರೆಪಾಸಿಟರಿಯಲ್ಲಿ "ಸಿನೇಮ್" ಎಂಬ, ಯಾವ ವಿಸ್ತರಣೆಯೂ ಇಲ್ಲದ ಪುಟ್ಟ ಫೈಲ್ ಇರಬಹುದು. ಇದು ಏನೆಂದು ತಿಳಿಯದೆ ಅಳಿಸಿದರೆ ಡೊಮೇನ್‌ನ ಜೋಡಣೆ ತಪ್ಪಿಹೋಗುತ್ತದೆ.

## ಹಂತ 9: ಅನುಮತಿ ಮತ್ತು ಗೌಪ್ಯತೆಯನ್ನು ಬಿಗಿ ಮಾಡಿ

ಹೊರಗಿನ ಎಡಿಟರ್‌ಗೆ ಗಿಟ್‌ಹಬ್ ಪ್ರವೇಶ ಕೊಡುವಾಗ ಎಲ್ಲ ರೆಪಾಸಿಟರಿಗಳನ್ನೂ ತೆರೆದಿಡಬೇಡಿ. "ಓನ್ಲಿ ಸೆಲೆಕ್ಟ್ ರೆಪಾಸಿಟರೀಸ್" ಎಂಬ ಆಯ್ಕೆ ಕಂಡರೆ ಅದನ್ನೇ ಒತ್ತಿ ಆ ತಾಣವೊಂದನ್ನೇ ಗುರುತಿಸಿ. ಹೋಸ್ಟಿಂಗ್‌ನ ಎಫ್‌ಟಿಪಿ (ಸರ್ವರ್‌ಗೆ ಫೈಲ್ ಏರಿಸುವ ವಿಧಾನ) ಗುಪ್ತಪದವನ್ನು ತನ್ನಲ್ಲಿ ಟೈಪ್ ಮಾಡಲು ಕೇಳುವ ಅಪರಿಚಿತ ಎಡಿಟರ್‌ಗೆ ಅದನ್ನು ಕೊಡಬೇಡಿ.

ಸಾರ್ವಜನಿಕ ರೆಪಾಸಿಟರಿಗೆ ಒಮ್ಮೆ ಸೇರಿದ್ದು ಹಿಂದಿನ ಆವೃತ್ತಿಗಳಲ್ಲಿ ಉಳಿದೇ ಇರುತ್ತದೆ. ಮಕ್ಕಳ ಹೆಸರು ಮತ್ತು ದೂರವಾಣಿ ಪಟ್ಟಿ, ಆಧಾರ್ ಪ್ರತಿ, ಬ್ಯಾಂಕ್ ವಿವರ ಇರುವ ಫೈಲನ್ನು ತಪ್ಪಿ ಏರಿಸಿ ಮರುಕ್ಷಣ ಅಳಿಸಿದರೂ ಹಳೆಯ ಕಮಿಟ್ ತೆರೆದವರಿಗೆ ಅದು ಕಾಣುತ್ತದೆ. ಈ ಒಂದು ಮಾತನ್ನು ನಿಮ್ಮ ಸಂಸ್ಥೆಯಲ್ಲಿ ತಿದ್ದುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಿ. ಜೊತೆಗೆ ಖಾತೆಯ ಇಮೇಲ್ ಸೆಟ್ಟಿಂಗ್‌ನಲ್ಲಿ ನಿಮ್ಮ ವಿಳಾಸವನ್ನು ಖಾಸಗಿಯಾಗಿಡುವ ಆಯ್ಕೆಯನ್ನು ಆನ್ ಮಾಡಿ; ಇಲ್ಲದಿದ್ದರೆ ಪ್ರತಿ ಕಮಿಟ್‌ನೊಂದಿಗೆ ನಿಮ್ಮ ಇಮೇಲ್ ಕೂಡ ದಾಖಲಾಗಬಹುದು.

## ಹಂತ 10: ಇನ್ನೊಬ್ಬರ ಕೈಗೆ ಕೊಡಿ

ಗಿಟ್‌ಹಬ್ 2023ರ ಮಾರ್ಚ್‌ನಿಂದ, ಕೋಡ್ ಸೇರಿಸುವ ಖಾತೆಗಳಿಗೆ ಎರಡು ಹಂತದ ದೃಢೀಕರಣವನ್ನು ಕಡ್ಡಾಯಗೊಳಿಸುತ್ತಾ ಬಂದಿದೆ. ಹಾಗಾಗಿ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಮುಂದಿನವರಿಗೆ ಕೊಟ್ಟರೆ ಸಾಲದು. ಫೋನ್ ಕಳೆದರೆ ಖಾತೆಯೇ ಕೈತಪ್ಪುತ್ತದೆ. ಖಾತೆ ಕೊಡುವ ರಿಕವರಿ ಕೋಡ್‌ಗಳನ್ನು ಮುದ್ರಿಸಿ ಸಂಸ್ಥೆಯ ದಾಖಲೆಗಳ ಜೊತೆ ಇಡಿ. ಅದಕ್ಕಿಂತ ಒಳ್ಳೆಯದು ತಾಣವನ್ನು ಒಬ್ಬರ ವೈಯಕ್ತಿಕ ಖಾತೆಯಲ್ಲಿಡದೆ, ಉಚಿತವಾಗಿಯೇ ಸಿಗುವ ಆರ್ಗನೈಸೇಶನ್ ಖಾತೆಯಲ್ಲಿ ಇಟ್ಟು, ಕನಿಷ್ಠ ಇಬ್ಬರನ್ನು ಮಾಲೀಕರನ್ನಾಗಿ ಮಾಡುವುದು.

ಆಮೇಲೆ ಈವರೆಗೆ ಈ ತಾಣವನ್ನು ಮುಟ್ಟದ ಒಬ್ಬರನ್ನು ಕೂರಿಸಿ, ಪರೀಕ್ಷಾ ಪುಟದಲ್ಲಿ ಒಂದು ಸಾಲು ಬದಲಿಸಿ ಪ್ರಕಟಿಸಲು ಹೇಳಿ. ನೀವು ಮೌಸ್ ಮುಟ್ಟಬೇಡಿ, ಉತ್ತರ ಹೇಳಬೇಡಿ. ಅವರು ನಿಂತ ಜಾಗಗಳನ್ನು ಗುರುತು ಹಾಕಿಕೊಂಡು, ಆ ಜಾಗಗಳಿಗೆ ಮಾತ್ರ ಪರದೆಯ ಚಿತ್ರ ಸೇರಿಸಿ ಒಂದು ಪುಟದ ಸೂಚನೆ ಬರೆಯಿರಿ. ಆ ಸೂಚನೆಯನ್ನು ಫೈಲ್‌ಗಳ ಪಕ್ಕದಲ್ಲಿಯೇ, "ರೀಡ್‌ಮಿ" ಎಂಬ ಹೆಸರಿನಲ್ಲಿ ಇಡಿ. ರೆಪಾಸಿಟರಿ ತೆರೆದವರಿಗೆ ಗಿಟ್‌ಹಬ್ ಅದನ್ನು ಮೊದಲ ಪುಟದಲ್ಲೇ ತೋರಿಸುತ್ತದೆ.